ಟೈ ರಾಡಿನ ಮೇಲೊಂದು ಕೆಂಪು ಬೊಟ್ಟು

"ಹ್ವಾಯ್! ನೀವ್ ಮಾಡಿದ್ದ್ ಮೋಸ ಅಲ್ದಾ?"

ತ್ರಾಸಿಯ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ಜೀಪೊಂದರ ಬಾನೆಟ್ಟಿಗೆ ತಲೆ ಹಾಕಿದ್ದ ಮನೀಷ್ ಹೊರಗೆ ಬಂದ. ಎದುರಿಗೆ ವಿನಯಾ! ಎಡಗೈಯಲ್ಲಿ ಎರಡು ರಟ್ಟಿನ ಡಬ್ಬಿ, ಬಲಗೈಯಲ್ಲಿ ಕೆಂಪು ನೇಲ್ ಪಾಲಿಶ್.

ಅವನಿಗೆ ನಗು ಬಂತು. ಅದೇ ತಪ್ಪಾಯಿತು.

"ನೆಗಾಡ್ಬೇಡಿ! ಹೊಸ ಪಾರ್ಟ್ ನಾನೇ ತಂದ್ ಕೊಟ್ರೂ ಹಾಕ್ಲಿಲ್ಲ. ಹಳಿದೇ ಇತ್ತ್. ನನ್ ಬೊಟ್ಟ್ ಹಾಂಗೇ ಇತ್ತ್!"

ವಿನಯಾ ಬೈಂದೂರಿನ ಮನೆಯಲ್ಲಿ ಕೇಕ್ ಮಾಡಿ, ಕುಂದಾಪುರ ದಾಟಿ ಬ್ರಹ್ಮಾವರದವರೆಗೂ ತಾನೇ ಕಾರಿನಲ್ಲಿ ತಲುಪಿಸುವವಳು. ಎರಡು ವಾರದಿಂದ ಹಂಪ್ ಹತ್ತಿಳಿದಾಗಲೆಲ್ಲ ಕಾರಿನಡಿಯಲ್ಲಿ 'ಟಕ್' ಎಂಬ ಸದ್ದು. ಒಂದು ಕೇಕಂತೂ ಹುಟ್ಟುಹಬ್ಬದ ಮನೆ ತಲುಪುವಷ್ಟರಲ್ಲಿ ಅರ್ಧಕ್ಕರ್ಧ ವಾಲಿತ್ತು. ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಗಂಟುಗಳು ಸವೆದಿವೆ, ಎರಡನ್ನೂ ಬದಲಿಸಬೇಕು ಎಂದು ಯಾರೋ ಹೇಳಿದ್ದರು. ಅವಳು ಹೊಸದನ್ನು ಕೊಂಡು ಮನೀಷನಿಗೆ ಕೊಟ್ಟಿದ್ದಳು.

ಕೊಡುವ ಮುನ್ನ ಜಲಜ ಚಿಕ್ಕಮ್ಮನ ಉಪದೇಶದಂತೆ ಹಳೆಯ ಗಂಟುಗಳ ಮೇಲೆ ಒಂದೊಂದು ಕೆಂಪು ಬೊಟ್ಟು ಇಟ್ಟಿದ್ದಳು. ಬದಲಿಸಿದರೆ ಬೊಟ್ಟೂ ಹೋಗಬೇಕಲ್ಲ!

ಅಪ್ಪ ಹೋಗಿ ತಂದ ಕಾರು ಸದ್ದಿಲ್ಲದೆ ಮನೆಗೆ ಬಂತು. ಡಿಕ್ಕಿಯಲ್ಲಿ ಡಬ್ಬಿಗಳಿದ್ದವು. ಬಿಚ್ಚಿದ ಹಳೆಯದನ್ನು ಹೊಸದರ ಡಬ್ಬಿಯಲ್ಲಿ ಹಾಕಿ ಕೊಡುವುದು ಗ್ಯಾರೇಜಿನವರ ವಾಡಿಕೆ. ಹಾಗಾಗಿ ಅವಳು ತೆರೆದೂ ನೋಡಲಿಲ್ಲ. ಮೂರು ದಿನ ಕ್ರೀಮ್ ಕಲಸುವಾಗಲೂ ಆ ಮೆಲುದನಿಯ ಮೆಕ್ಯಾನಿಕ್ ನೆನಪಾಗಿ ಸುಮ್ಮಸುಮ್ಮನೆ ನಗುತ್ತಿದ್ದಳು.

ಇವತ್ತು ಚಕ್ರ ತೊಳೆಯುವಾಗ ಬಗ್ಗಿ ನೋಡಿದರೆ... ಬೊಟ್ಟು ಅಲ್ಲೇ ಇದೆ!

'ಮೋಸಹೋದದ್ದು ಕಾರಲ್ಲ... ನಾನು!'

"ಡಬ್ಬಿ ಬಿಚ್ಚಿ ಕಂಡ್ರ್ಯಾ?" ಮನೀಷ್ ಮೆಲ್ಲನೆ ಕೇಳಿದ.

ಅವಳು ಬಿಚ್ಚಿದಳು. ಪ್ಲಾಸ್ಟಿಕ್ ಹೊದಿಕೆಯೂ ಹರಿಯದ ಹೊಸ ಟೈ ರಾಡ್ ಗಂಟು ಫಳಫಳ ಹೊಳೆಯಿತು.

"ಟೈ ರಾಡ್ ಸರಿ ಇತ್ತ್, ಹಾಳಾದ್ದ್ ಲಿಂಕ್ ರಾಡ್, ಅದನ್ನೇ ಬದ್ಲ್ ಮಾಡಿದ್ದೆ, ಈ ಡಬ್ಬಿ ಅಂಗ್ಡಿಗ್ ವಾಪಸ್ ಕೊಡಿ ಅಂದೇಳಿ ನಿಮ್ ಅಪ್ಪಯ್ಯನತ್ರ ಹೇಳಿದ್ದೆ."

ಅಂದು ಅಪ್ಪ ಚಂದಯ್ಯ ಕಾರಿನೊಂದಿಗೆ ಎರಡು ಕಿಲೋ ಬಂಗುಡೆಯನ್ನೂ ತಂದಿದ್ದರು. ಮೀನು ಕಂಡರೆ ಅವರಿಗೆ ಸ್ವಂತ ಹೆಸರೂ ಮರೆಯುತ್ತಿತ್ತು!

ಅವಳ ದನಿ ಇಳಿಯಿತು. ಹಟ ಮಾತ್ರ ಇಳಿಯಲಿಲ್ಲ.

"ಸರಿ ಇತ್ತ್ ಅಂದೇಳಿ ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?"

"ಕೈ ಕೊಡಿ."

"ಎಂತಕೆ?!"

"ಕಾರಿಗೆ, ಮರ್ರೆ!"

ಅವನು ಅವಳ ಕಾರಿನ ಮುಂದಿನ ಚಕ್ರವನ್ನು ಹೊರಕ್ಕೆ ತಿರುಗಿಸಿ, ಹಿಂದಿದ್ದ ಗಂಟಿನ ಮೇಲೆ ಅವಳ ಬೆರಳುಗಳನ್ನಿಟ್ಟ. ತಾನು ಒಳಗೆ ಕುಳಿತು ಸ್ಟೀರಿಂಗನ್ನು ಅತ್ತಿತ್ತ ಚೂರೇ ಚೂರು ಅಲ್ಲಾಡಿಸಿದ.

"ಎಂತಾದ್ರೂ ಸಡಿಲ ಇತ್ತಾ?"

ಅವಳು ಕಣ್ಣು ಮುಚ್ಚಿ ಬೆರಳಿನಿಂದ ಆಲಿಸಿದಳು.

"ಇಲ್ಲೆ... ಒಟ್ಟಿಗೇ ತಿರ್ಗತ್ತ್."

ಮನೀಷ್ ಅವಳ ಕಾರಿನಿಂದ ಬಿಚ್ಚಿಟ್ಟಿದ್ದ, ಕಾರು ವಾಲದಂತೆ ಹಿಡಿಯುವ ಹಳೆಯ ಲಿಂಕ್ ರಾಡನ್ನು ಅವಳ ಅಂಗೈಗಿಟ್ಟ. ಅದರ ತುದಿ ಬೀಳಲಿರುವ ಹಾಲುಹಲ್ಲಿನಂತೆ ಅಲುಗಿತು. ಟಕ್! ಅದೇ ಸದ್ದು!

"ಸದ್ದ್ ಕೇಂಬ ಕೆಮಿ ಮೋಸ ಮಾಡತ್ತ್, ಬೆರ್ಳ್ ಮಾಡುದಿಲ್ಲೆ. ಕೈ ಇಟ್ಟ್ ಕಾಣ್ದೆ ನಾನ್ ಎಂತದೂ ಬದ್ಲ್ ಮಾಡುದಿಲ್ಲೆ."

'ಛೇ! ಇಂಥವನಿಗೆ ಹೆದ್ದಾರಿಗೆಲ್ಲ ಕೇಳುವಂತೆ ಬೈದೆನಲ್ಲ...'

"ತಪ್ಪಾಯ್ತ್," ಎಂದಳು. "ನಾಳೆ ಬ್ರಹ್ಮಾವರಕ್ಕೆ ಮೂರಂತಸ್ತಿನ ಮದ್ವಿ ಕೇಕ್ ಹೋಯ್ಕ್. ಅದೇ ಹೆದ್ರಿಕಿ."

"ನಾನೇ ಹಿಡ್ಕಂಡ್ ಕೂಕಂತೆ. ಒಂದ್ ಹೂ ಅಲ್ಲಾಡಿರೆ ನೀವ್ ಮತ್ತೆ ಬೈನಿ!"

ಮರುದಿನ ಅವನು ಹಿಂದಿನ ಸೀಟಿನಲ್ಲಿ ಹಸುಗೂಸನ್ನು ಮೊದಲ ಸಲ ಎತ್ತಿಕೊಂಡ ಗಂಡಸಿನಂತೆ ಹೆದರಿ ಹೆದರಿ ಡಬ್ಬ ಹಿಡಿದು ಕುಳಿತ. ಪ್ರತಿ ಹಂಪಿನಲ್ಲೂ ಅವನು ಉಸಿರು ಹಿಡಿಯುವುದನ್ನು ವಿನಯಾ ಕನ್ನಡಿಯಲ್ಲಿ ಕಂಡು ತುಟಿ ಕಚ್ಚಿದಳು. ಸದ್ದೇ ಇಲ್ಲ!

ಬ್ರಹ್ಮಾವರದಲ್ಲಿ ಡಬ್ಬ ತೆರೆದರೆ ಕ್ರೀಮಿನ ಗುಲಾಬಿಗಳೆಲ್ಲ ಇಟ್ಟಲ್ಲೇ ಇದ್ದವು.

ಕೇಕ್ ಒಪ್ಪಿಸಿ ಬಂದು, ಕಾರಿಗೊರಗಿ ನಿಂತಾಗ ಅವಳು ಕೇಳಿದಳು.

"ಆ ಬೊಟ್ಟ್ ನೀವ್ ಕಂಡಿರ್ಲಿಲ್ಯಾ?"

"ಮೊದ್ಲ್ನೇ ದಿನವೇ ಕಂಡೆ. ನಂಬ್ಕಿ ಇಲ್ಲೆ ಅಂದೇಳಿ ಬೇಜಾರೂ ಆಯ್ತ್."

"ಮತ್ತೆ ಎಂತಕೆ ಒರ್ಸ್ಲಿಲ್ಲೆ?"

ಮನೀಷ್ ಚಪ್ಪಲಿಯ ತುದಿ ನೋಡಿದ.

"ಅದ್ ಕಂಡ್ರೆ... ಎಂತಕ್ ಬದ್ಲ್ ಮಾಡ್ಲಿಲ್ಲ ಅಂದ್ ಕೇಂಬುಕಾರೂ ಮತ್ತೊಂದ್ಸಲ ಬತ್ರಿ ಅಂದೇಳಿ. ಬೈಯುಕೆ ಬತ್ರಿ ಅಂದ್ ಗೊತ್ತಿರ್ಲಿಲ್ಲೆ!"

ಹೆದ್ದಾರಿಯ ಲಾರಿಗಳೆಲ್ಲ ಒಮ್ಮೆಲೇ ಮೌನವಾದಂತಾಯಿತು ವಿನಯಾಗೆ. ಅವಳು ಬ್ಯಾಗಿನಿಂದ ಆ ಪುಟ್ಟ ಬಾಟಲಿ ತೆಗೆದಳು. ಎಷ್ಟು ತೊಳೆದರೂ ಗ್ರೀಸಿನ ಕಪ್ಪು ಬಿಡದ ಅವನ ಹೆಬ್ಬೆರಳು ಹಿಡಿದು, ಉಗುರಿನ ನಡುವೆ ಒಂದು ಕೆಂಪು ಬೊಟ್ಟಿಟ್ಟಳು.

"ಇದೆಂತ?"

"ಗುರ್ತ್. ನಂದ್ ಅಂದೇಳಿ. ಯಾರೂ ಬದ್ಲ್ ಮಾಡುಕಾಗ."

ಅವನು ಉಗುರಿಗೆ ಉಫ್ ಎಂದು ಊದಿದ. ಕಣ್ಣು ಅವಳ ಮೇಲೇ ಇತ್ತು.

"ಚೆಕ್ ಮಾಡ್ದೆ ಗುರ್ತ್ ಹಾಕುದಾ?"

"ಮಾಡಿದ್ದೆ. ನಿನ್ನೆ ಕೈ ಇಟ್ಟ್ ಕಂಡಿದ್ನಲ್ದಾ?"

"ಎಂತಾದ್ರೂ ಸಡಿಲ ಇತ್ತಾ?"

ವಿನಯಾ ಅವನ ಕೈ ಬಿಡಲಿಲ್ಲ.

"ಇಲ್ಲೆ... ಒಟ್ಟಿಗೇ ತಿರ್ಗತ್ತ್."