ಬಿಳಿ ನಾಲ್ಕರ ಹಾಡು

"ಸ್ಟೇಜಿನ ಮ್ಯಾಲೆ ನಿನ್ನ ದನಿ ಒಡೆಯಾಕೆ ನಾನು ಬಿಡಲ್ಲ ರಂಜಿ. ಇದು ನನ್ನ ಮಾತು."

ಚಿಕ್ಕಜಾಜೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಒಂದೇ ಪೊಟ್ಟಣದ ಮಂಡಕ್ಕಿ ತಿನ್ನುತ್ತಾ ಮಾರುತಿ ಹಾಗೆ ಅಂದು ಹದಿನೆಂಟು ವರ್ಷವಾಗಿತ್ತು. ಆಗ ಅವನು ನಾಟಕ ಕಂಪನಿಯ ಹಾರ್ಮೋನಿಯಂ ಮಾಸ್ತರ್. ರಂಜಿತಾ ಅದೇ ಕಂಪನಿಯ ನಾಯಕಿ. ಪರದೆ, ಟ್ರಂಕು, ಬಣ್ಣದ ಪೆಟ್ಟಿಗೆ ಎಲ್ಲವೂ ಲಾರಿಯಲ್ಲಿ ಮುಂದಿನ ಊರಿಗೆ ಹೋಗಿದ್ದವು. ಇವರಿಬ್ಬರು ಮಾತ್ರ ಬೇಕೆಂದೇ ರೈಲಿಗೆ ಉಳಿದಿದ್ದರು.

ಆ ಮಾತನ್ನು ಅವಳು ನಂಬಿದ್ದಳು... ಪೂರ್ತಿಯಾಗಿ ನಂಬಿದ್ದಳು.

ಅದಕ್ಕೇ, ಹೊಳಲ್ಕೆರೆ ಬಸ್‌ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ ತಲೆಯೆತ್ತಿ ನೋಡಿದ ರಂಜಿತಾಳ ಕಾಲು ಅಲ್ಲೇ ನಿಂತುಬಿಟ್ಟಿತು.

ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವನು! ಕಿವಿಯ ಬಳಿ ನರೆ. ಮೂಗಿನ ತುದಿಯಲ್ಲಿ ಕನ್ನಡಕ. ತೊಡೆಯ ಮೇಲೆ ಅವಳ ಆತ್ಮಕಥೆಯ ಪ್ರೂಫ್ ಹಾಳೆಗಳು!

"ಬರ್ರಿ ಆಂಟಿ, ಕುಂತ್ಕಳ್ರಿ!" ಕಂಪ್ಯೂಟರ್ ಮುಂದಿದ್ದ ಹುಮೇರಾ ಖುಷಿಯಿಂದ ಹೇಳಿದಳು. ಆರು ತಿಂಗಳಿಂದ ರಂಜಿತಾ ಹೇಳಿದ್ದನ್ನೆಲ್ಲ ಟೈಪ್ ಮಾಡಿದ ಹುಡುಗಿ ಅವಳೇ. "ಭಾನುವಾರ ಪುಸ್ತಕ ಬಿಡುಗಡೇಲಿ ನೀವು ಹಾಡ್ಬೇಕಲ್ಲ? ಹಾರ್ಮೋನಿಯಂ ಪೆಟ್ಟಿಗೆ ನುಡ್ಸೋರನ್ನ ಹುಡ್ಕೊಂಡು ಬಂದೀನಿ. ಹೊಸದುರ್ಗದವ್ರಂತೆ. ಸುಮ್ನೆ ಕಾಯ್ತಿದ್ರು, ಅದಕ್ಕೆ ಓದ್ತಾ ಇರ್ರಿ ಅಂತ ಆರನೇ ಅಧ್ಯಾಯ ಕೊಟ್ಟೆ."

ಆರನೇ ಅಧ್ಯಾಯ!

ಆ ಅಧ್ಯಾಯದಲ್ಲಿ ಅವನ ಹೆಸರಿರಲಿಲ್ಲ. ಬರೀ 'ಪೆಟ್ಟಿಗೆಯವನು' ಎಂದಿತ್ತು. 'ಪೆಟ್ಟಿಗೆಯವನು ಇನ್ನೊಬ್ಬಳಿಗಾಗಿ ನನ್ನ ಮಾನ ಕಳೆದ' ಎಂದಿತ್ತು. ಪಾಪ, ಹುಮೇರಾಗೆ ಏನು ಗೊತ್ತು, ಯಾರ ಕೈಗೆ ಏನು ಕೊಟ್ಟೆ ಎಂದು!

ಮಾರುತಿ ಕನ್ನಡಕ ತೆಗೆದ. ಎದ್ದು ನಿಂತ.

"ಚೆನ್ನಾಗಿ ಬರ್ದೀಯ," ಎಂದ ಮೆಲ್ಲಗೆ. "ಒಂದು ಕಡೆ ತಪ್ಪೈತೆ."

"ತಪ್ಪಾ? ಯಾವುದ್ರೀ ತಪ್ಪು?" ಅವಳು ಬಾಗಿಲಿನಿಂದಲೇ ಕೇಳಿದಳು. "ನೀವು ಮಾಡಿದ್ದು ಸುಳ್ಳಾ?"

"ಸುಳ್ಳಲ್ಲ. ಆದ್ರೆ ಶ್ರುತಿ ಬಿಳಿ ಮೂರು ಅಂತ ಬರ್ದೈತೆ. ನಾನವತ್ತು ಕೊಟ್ಟಿದ್ದು ಬಿಳಿ ನಾಲ್ಕು."

ಹುಮೇರಾ ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡಿದಳು. ಮೌಸ್ ಮೇಲಿದ್ದ ಕೈ ಬಾಯಿಗೆ ಬಂತು. "ಯಾ ಅಲ್ಲಾ... ಆ ಪೆಟ್ಟಿಗೆಯವ್ರು ಇವ್ರೇನಾ ಆಂಟಿ?"

ರಂಜಿತಾ ಒಂದು ಚಪ್ಪಲಿ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಹಿಡಿದು ಮೆಟ್ಟಿಲಿಳಿದಳು.

ತನ್ನೂರು ತಾಳ್ಯದ ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ ಕಣ್ಣು ತಾನಾಗಿ ತುಂಬಿತು.

'ಮಾನ ಹೋಗಿದ್ದು ನನ್ನದು... ಇವನಿಗೆ ಮೂರೋ ನಾಲ್ಕೋ ಅನ್ನೋದೇ ಚಿಂತೆ!'

ಹಾರ್ಮೋನಿಯಂನ ಯಾವ ಮನೆಯಿಂದ, ಅಂದರೆ ಎಷ್ಟನೆಯ ಕಪ್ಪು ಅಥವಾ ಬಿಳಿ ಕೀಲಿಯಿಂದ, ಹಾಡು ಶುರುವಾಗುತ್ತದೋ ಅದರ ಮೇಲೆ ದನಿ ಎಷ್ಟು ಎತ್ತರಕ್ಕೆ ಏರಬೇಕು ಎನ್ನುವುದು ನಿಂತಿದೆ. ರಂಜಿತಾ ಹಾಡುತ್ತಿದ್ದುದು ಕಪ್ಪು ನಾಲ್ಕರಲ್ಲಿ. ಕಂಪನಿಯಲ್ಲಿ ಬೇರೆ ಯಾವ ಹೆಣ್ಣಿಗೂ ನಿಲುಕದ ಎತ್ತರ! 'ಕಪ್ಪು ನಾಲ್ಕಿನ ರಂಜಿತಾ' ಎಂದೇ ಜನ ಟಿಕೆಟ್ ಕೊಳ್ಳುತ್ತಿದ್ದರು. ಕಿರಿಸೊಸೆಯ ಪಾತ್ರದಲ್ಲಿ "ಹೊಸ್ತಿಲ ದಾಟಿ ಬಂದೆನಲ್ಲ, ಹಿಂದಕೆ ಕರೆವರು ಯಾರಿಲ್ಲ" ಎಂದು ಏರಿಸಿದರೆ ಒನ್ಸ್ ಮೋರ್ ಬೀಳದ ದಿನವೇ ಇರಲಿಲ್ಲ.

ಆವತ್ತು ಹಿರಿಯೂರು ಕ್ಯಾಂಪಿನಲ್ಲಿ ಮಾತ್ರ, ಅವಳಿಗೆ ಒಂದು ಮಾತೂ ಹೇಳದೆ ಮಾರುತಿ ಶ್ರುತಿಯನ್ನು ಕೆಳಗಿನ ಬಿಳಿ ಮನೆಗೆ ಇಳಿಸಿದ್ದ. ಬಾಯಿ ತೆರೆದ ಮೇಲಷ್ಟೇ ಅವಳಿಗೆ ತಿಳಿದದ್ದು. ಅಷ್ಟರಲ್ಲಿ ಮುಂದಿನ ಸಾಲಿನಿಂದ ಯಾರೋ ಕೂಗಿದ್ದ. "ಏನವ್ವ, ಕಪ್ಪು ನಾಲ್ಕು ಮನ್ಯಾಗೆ ಬಿಟ್ಟು ಬಂದ್ಯಾ?" ಇಡೀ ಟೆಂಟು ನಕ್ಕಿತ್ತು.

ಬೆಳಗಾಗುತ್ತಲೇ ಅವಳು ಬಸ್ಸು ಹತ್ತಿದಳು. ಮರುದಿನ ಅದೇ ಪಾತ್ರವನ್ನು ಕಂಪನಿಯ ಇನ್ನೊಬ್ಬ ನಟಿ ರೋಜಾ ಮಾಡಿದಳೆಂದು, ಅದೂ ಕಪ್ಪು ನಾಲ್ಕರಲ್ಲೇ, ಮಾರುತಿಯ ಪೆಟ್ಟಿಗೆಗೇ ಹಾಡಿದಳೆಂದು ಸುದ್ದಿ ಬಂತು. ಇನ್ನೇನು ಉಳಿದಿತ್ತು ಹೇಳಿ? ಆಮೇಲೆ ರಂಜಿತಾ ರಂಗ ಹತ್ತಲಿಲ್ಲ. ತಾಳ್ಯದ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಮಕ್ಕಳಿಗೆ ಉಪ್ಪಿಟ್ಟು ಮಾಡುತ್ತಾ, ಅವರಿಗಷ್ಟೇ ಕೇಳುವಷ್ಟು ಹಾಡುತ್ತಾ ನಲವತ್ತೆರಡು ದಾಟಿದಳು.

ಮಾರನೆಯ ಮಧ್ಯಾಹ್ನ ಬಾಗಿಲು ಬಡಿದ ಸದ್ದು.

ತೆರೆದದ್ದು ಕೊಟ್ರಮ್ಮ. ಕಂಪನಿಯಲ್ಲಿ ರಂಜಿತಾಗೆ ಬಣ್ಣ ಹಚ್ಚುತ್ತಿದ್ದ ಮುದುಕಿ. ಈಗ ಅವಳ ಜೊತೆಗೇ ಇದ್ದಾಳೆ.

"ಅಯ್ಯೋ, ಮಾಸ್ತರ್ರು! ಪೆಟ್ಟಿಗೇನೂ ಹೊತ್ಕೊಂಡು ಬಂದಾರೆ. ತಲೆ ಬೆಳ್ಳಗಾದ್ರೂ ಪೆಟ್ಟಿಗೆ ಕರ್ರಗೇ ಐತಲ್ಲಪ್ಪ! ಹೆಂಡ್ತಿ ಮಕ್ಳು ಹೆಂಗವ್ರೆ?"

"ಪೆಟ್ಟಿಗೆ ಒಂದೇ ಕೊಟ್ರಮ್ಮ. ಅದೂ ಆಗಾಗ ಮುನಿಸ್ಕಂತೈತೆ."

ಹಿಂದೆಯೇ ಹುಮೇರಾ, ಅಳುಮುಖದಲ್ಲಿ. "ಸಾರಿ ಆಂಟಿ. ಪ್ರೆಸ್ಸಿನೋರು ಸಂಜೆ ಐದರೊಳಗೆ ಫೈಲ್ ಕಳ್ಸು ಅಂತಿದಾರೆ. ಆರನೇ ಅಧ್ಯಾಯ ಇರ್ಬೇಕಾ, ತೆಗೀಬೇಕಾ?"

"ಇರ್ಲಿ," ಎಂದ ಮಾರುತಿ, ರಂಜಿತಾ ಬಾಯಿ ತೆರೆಯುವ ಮೊದಲೇ. "ಅವ್ಳಿಗೆ ಹೆಂಗೆ ನೋವಾತೋ ಹಂಗೇ ಇರ್ಲಿ. ನಾನು ಅದಕ್ಕೆ ಬಂದಿಲ್ಲ."

"ಮತ್ತೆ ಯಾತಕ್ಕೆ ಬಂದ್ರಿ?" ರಂಜಿತಾ ಕಿಡಿಯಾದಳು.

"ಭಾನುವಾರ ಹಾಡ್ತೀಯಂತಲ್ಲ. ಪ್ರಾಕ್ಟೀಸ್ ಮಾಡ್ಸಾಕೆ."

'ಎಷ್ಟು ಸೊಕ್ಕು! ತೋರಿಸ್ತೀನಿ ಇವನಿಗೆ...'

"ಕುಂತ್ಕಳ್ರಿ ಹಂಗಾದ್ರೆ. ಕಪ್ಪು ನಾಲ್ಕು ಕೊಡ್ರಿ."

ಅವನು ಅವಳ ಮುಖ ನೋಡಿದ. ಕಪ್ಪು ನಾಲ್ಕನ್ನು ಒತ್ತಿ ಹಿಡಿದ.

ಹದಿನೇಳು ವರ್ಷದ ಮೇಲೆ ಆ ಸ್ವರ ಕೇಳಿ ರಂಜಿತಾಳ ಮೈ ಜುಮ್ಮೆಂದಿತು. ಹಾಡಿದಳು. "ಹೊಸ್ತಿಲ ದಾಟಿ ಬಂದೆನಲ್ಲ..." ಮೊದಲ ಸಾಲು ಸಲೀಸಾಗಿ ಬಂತು. ಎರಡನೆಯದಕ್ಕೆ ಏರಿದಳು. "ಹಿಂದಕೆ ಕರೆವರು..."

ದನಿ ಒಡೆಯಿತು.

ಒಣಗಿದ ಬಿದಿರು ಸೀಳಿದಂತೆ! ಕೆಮ್ಮು ಬಂತು. ಕೊಟ್ರಮ್ಮ ನೀರಿಗೆ ಓಡಿದಳು. ಹುಮೇರಾ ನೆಲ ನೋಡಿದಳು. ರಂಜಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಮಾನಕ್ಕೆ ಕಣ್ಣಲ್ಲಿ ನೀರು...

"ಗೊತ್ತಿತ್ತಾ ನಿಮಗೆ? ಒಡೀತದೆ ಅಂತ ಗೊತ್ತಿದ್ದೂ ಕೊಟ್ರಾ?"

"ಗೊತ್ತಿತ್ತು."

"ಮತ್ಯಾಕೆ ಕೊಟ್ರಿ!"

ಮಾರುತಿ ತಿದಿಯ ಮೇಲಿನ ಕೈ ತೆಗೆದ.

"ಮನ್ಯಾಗೆ ಒಡೀಲಿ ರಂಜಿ. ಮನ್ಯಾಗೆ ಎಷ್ಟು ಸಲ ಬೇಕಾದ್ರೂ ಒಡೀಲಿ. ಸ್ಟೇಜಿನ ಮ್ಯಾಲೆ ಒಡೆಯಾಕೆ ಬಿಡಲ್ಲ ಅಂದಿದ್ದೆ ನಾನು."

ಅವನು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ.

"ಹಿರಿಯೂರಾಗೆ ಆವತ್ತು ಸಾಯಂಕಾಲ ನೀನು ಬಣ್ಣ ಹಚ್ಚಿಸ್ಕಂತಾ ಇದೇ ಸಾಲು ಗುನುಗ್ತಿದ್ದೆ. ಪರದೆ ಆಚೆ ನಾನು ಪೆಟ್ಟಿಗೆ ಒರೆಸ್ತಿದ್ದೆ. ಏರಿಸಿದಾಗೆಲ್ಲ ದನಿ ಒಡೀತಿತ್ತು. ನೀನು ಧೂಳು ಅಂದೆ, ಮತ್ತೆ ಹಾಡ್ದೆ, ಮತ್ತೆ ಒಡೀತು."

ರಂಜಿತಾಗೆ ನೆನಪಾಯಿತು. ಗಂಟಲಲ್ಲಿ ಮುಳ್ಳು ಚುಚ್ಚಿದಂತಿತ್ತು ಆ ವಾರವೆಲ್ಲ. ಮೈ ಸುಡುತ್ತಿತ್ತು. ಕೊಟ್ರಮ್ಮ ಉಪ್ಪುನೀರು ಮುಕ್ಕಳಿಸು ಎಂದು ಗೋಗರೆಯುತ್ತಿದ್ದಳು...

"ಹೌದವ್ವ," ಎಂದಳು ಕೊಟ್ರಮ್ಮ ನೀರಿನ ಲೋಟ ಹಿಡಿದು. "ಹಾಡಬ್ಯಾಡ ಅಂದ್ರೆ ಬಣ್ಣದ ಬಟ್ಟಲು ಎಸೆದಿದ್ದೆ ನನ್ನ ಮ್ಯಾಲೆ! ನನ್ನ ಸೀರೆ ಕೆಂಪಾತು, ಮರೆತ್ಯಾ?"

"ನನಗೆ ಹೇಳ್ಬೋದಿತ್ತಲ್ಲ ಮಾಸ್ತರ್ರೇ!"

"ಹೇಳಿದ್ರೆ ಕೇಳ್ತಿದ್ಯಾ ನೀನು? ಹಟಕ್ಕೆ ಇನ್ನೊಂದು ಮನೆ ಮ್ಯಾಲೆ ಕೊಡು ಅಂತಿದ್ದೆ! ಕೆಳಗೆ ಹಾಡಿದ್ರೆ ಒಂದಿನ ನಗ್ತಾರೆ. ಒಡೆದ್ರೆ... ದನಿಯೇ ಹೋಗಿಬಿಟ್ರೆ? ಅದಕ್ಕೇ ಕೇಳ್ದೆ ಇಳಿಸ್ದೆ. ಕೇಳ್ದೆ ಇಳಿಸಿದ್ದು ತಪ್ಪೇ. ಇಳಿಸಿದ್ದು ತಪ್ಪಲ್ಲ."

"ರೋಜಾ..." ಅವಳ ದನಿ ತಗ್ಗಿತು.

"ಟಿಕೆಟ್ ಹರಿದಾಗಿತ್ತು, ನೀನು ಬಸ್ ಹತ್ತಿದ್ದೆ. ಯಾರಾದ್ರೂ ಹಾಡ್ಬೇಕಿತ್ತಲ್ಲ? ಕಪ್ಪು ನಾಲ್ಕೇ ಬೇಕು ಅಂತ ಹಟ ಮಾಡಿದ್ಲು, ಕಿರುಚಿ ಕಿರುಚಿ ಕೆಟ್ಟೋದ್ಲು. ಈಗ ಹಿರಿಯೂರಾಗೆ ಟೈಲರಿಂಗ್ ಅಂಗಡಿ ಇಟ್ಟವ್ಳೆ. ಮೊನ್ನೆ ಮಗಳ ಮದುವೆ ಮಾಡಿದ್ಲು, ನನ್ನನ್ನ ಅಡಿಗೆ ಉಸ್ತುವಾರಿಗೆ ಹಾಕಿದ್ಲು!"

ಅಳುವಿನ ನಡುವೆಯೇ ರಂಜಿತಾಗೆ ನಗು ಬಂತು.

"ನೀವು... ಹುಡ್ಕೊಂಡು ಬರ್ಬೋದಿತ್ತು."

"ಬಂದಿದ್ದೆ. ಇದೇ ಬಾಗ್ಲಿಗೆ. ನೀನು ಒಳಗಿದ್ದು ಚಿಲಕ ತೆಗೀಲಿಲ್ಲ. ಕರೆಯೋರು ಯಾರಿಲ್ಲ ಅಂತ ಹಾಡ್ತೀಯ... ಕರೆದ್ರೆ ಎಲ್ಲಿ ತೆಗೀತೀಯ ನೀನು?"

ಆ ಮಧ್ಯಾಹ್ನವನ್ನು ಅವಳು ಮರೆತಿರಲಿಲ್ಲ. ಬಾಗಿಲ ಈಚೆ ಚಿಲಕ ಹಿಡಿದು ನಿಂತಿದ್ದಳು. ಆಚೆ ಅವನ ಚಪ್ಪಲಿಯ ಸದ್ದು ದೂರವಾಗುವವರೆಗೂ ನಿಂತೇ ಇದ್ದಳು... ಆ ಅಧ್ಯಾಯದಲ್ಲಿ ಇದೊಂದನ್ನು ಅವಳು ಬರೆಸಿರಲಿಲ್ಲ.

"ಹುಮೇರಾ," ಎಂದಳು ಮೂಗೊರೆಸಿಕೊಳ್ಳುತ್ತಾ. "ಪೆಟ್ಟಿಗೆಯವನು ಅಂತ ಇರೋ ಕಡೆಯೆಲ್ಲ ಮಾರುತಿ ಮಾಸ್ತರ್ ಅಂತ ಹಾಕು. ನನಗೆ ನೋವಾಗಿದ್ದು ಇರ್ಲಿ, ತೆಗೀಬೇಡ. ಇವತ್ತು ಕೇಳಿದ್ದನ್ನ ಕೊನೇಲಿ ಸೇರ್ಸು. ನಾನು ಚಿಲಕ ತೆಗೀದೇ ಇದ್ದಿದ್ದನ್ನೂ ಸೇರ್ಸು."

"ಬಿಳಿ ನಾಲ್ಕು ಆಂಟಿ?"

"ಅದನ್ನೂ ತಿದ್ದು. ಇಲ್ಲಾಂದ್ರೆ ಇವ್ರು ನಿದ್ದೆ ಮಾಡಲ್ಲ."

ಹುಮೇರಾ ಕಣ್ಣೊರೆಸಿಕೊಂಡು ಎದ್ದಳು. ಕೊಟ್ರಮ್ಮ ಟೀ ನೆಪದಲ್ಲಿ ಒಳಗೆ ನಡೆದಳು, ಹೋಗುತ್ತಾ ಗೊಣಗಿದಳು, "ಹದಿನೇಳು ವರ್ಷ! ಇಬ್ರೂ ಸೇರಿ ನನ್ನ ಮುದುಕಿ ಮಾಡಿಬಿಟ್ರಿ."

ಭಾನುವಾರ ಜಿಲ್ಲಾ ಕೇಂದ್ರವಾದ ದುರ್ಗದ ರಂಗಮಂದಿರ ಅರ್ಧಕ್ಕಿಂತ ಹೆಚ್ಚೇ ತುಂಬಿತ್ತು. ಪುಸ್ತಕ ಬಿಡುಗಡೆಯಾಯಿತು. ಹಾಡಿಗೆ ಕರೆದಾಗ ರಂಜಿತಾ ಎದ್ದು ಮೈಕಿನ ಮುಂದೆ ನಿಂತಳು. ಮೈಕಿನಿಂದ ಮುಖ ತಿರುಗಿಸಿ ಅವನನ್ನು ನೋಡಿದಳು.

ಈ ಸಲ ಅವನು ಕೇಳಿದ, ತುಟಿಯಲ್ಲೇ. "ಎಷ್ಟು ಕೊಡ್ಲಿ?"

"ಬಿಳಿ ನಾಲ್ಕು," ಎಂದಳು ಅವಳು. ಮೈಕಿಗೂ ಕೇಳುವಂತೆ.

ಹಾಡಿದಳು. ಹಳೆಯ ಎತ್ತರವಿರಲಿಲ್ಲ. ಆದರೆ ಹಿಂದಕೆ ಕರೆವರು ಯಾರಿಲ್ಲ ಎನ್ನುವಾಗ ಸಭೆಯಲ್ಲಿ ಒಂದು ಕೆಮ್ಮೂ ಕೇಳಲಿಲ್ಲ. ಮುಗಿದ ಮೇಲೆ ಹಿಂದಿನ ಸಾಲಿನಿಂದ ಯಾರೋ ಕೂಗಿದರು... "ಒನ್ಸ್ ಮೋರ್!"

ಚಪ್ಪಾಳೆಯ ನಡುವೆ ರಂಜಿತಾ ಪೆಟ್ಟಿಗೆಯ ಕಡೆ ಬಾಗಿದಳು.

"ಮಾಸ್ತರ್ರೇ, ಇದು ಮುಗಿದ ಮ್ಯಾಲೆ ಎಲ್ಲಿಗೆ ಹೋಗ್ತೀರಿ?"

"ಹೊಸದುರ್ಗದ ಬಸ್ಸೈತೆ."

"ಬಿಡ್ರಿ ಅದನ್ನ. ತಾಳ್ಯಕ್ಕೆ ಹೋಗಾಣ... ಚಿಲಕ ನಾನೇ ತೆಗೀತೀನಿ."

ಅವನ ಬೆರಳು ಮನೆಯ ಮೇಲೆ ತಡವರಿಸಿತು. ಜೀವನದಲ್ಲಿ ಮೊದಲ ಸಲ ಮಾಸ್ತರ್ ಅಪಸ್ವರ ನುಡಿಸಿದ!

"ಹೂಂ," ಎಂದ. "ಮೊದ್ಲು ಹಾಡು."

ಅವಳು ಎರಡನೇ ಸಲವೂ ಪೂರ್ತಿ ಹಾಡಿದಳು. ದನಿ ಎಲ್ಲೂ ಒಡೆಯಲಿಲ್ಲ.

ಚಿಕ್ಕಜಾಜೂರಿನಲ್ಲಿ ಕೊಟ್ಟ ಮಾತನ್ನು ಮಾರುತಿ ಉಳಿಸಿಕೊಂಡಿದ್ದ.