ಹದಿನೇಳನೆಯ ಷರತ್ತು

"ಇನ್ನೂ ಆಳಕ್ಕೆ ಹಾಕಿ ಕೈ," ಎಂದಳು ದೊಡ್ಡಕ್ಕ.

ಮೇಡಂ ಮೊಣಕೈವರೆಗೆ ಇಳಿಸಿದರು. ಕೆಸರು ಕೈಯನ್ನು ನುಂಗಿತು. ತಡಕಾಡಿದರು. ಹೊರಗೆಳೆದಾಗ ಅಂಗೈಯಲ್ಲಿ ಐದು ಕಪ್ಪೆಚಿಪ್ಪುಗಳಿದ್ದವು. ಐದೂ ಬಾಯಿ ತೆರೆದಿದ್ದವು. ಒಳಗೆ ಮಾಂಸದ ಬದಲು ಬೂದು ಲೋಳೆ. ನಾನು ಮೂಗು ಮುಚ್ಚಿಕೊಂಡೆ.

"ಬರ್ಕೊ," ಎಂದರು ಮೇಡಂ ನನಗೆ. "ಮೇಲೆ ಒಂದು ಗೇಣು ಹೊಸ ಹೂಳು. ಅದರಡಿ ಎಲ್ಲ ಸತ್ತಿದೆ."

"ಎಲ್ಲ ಅಂದ್ರೆ... ಎಷ್ಟು ಅಂತ ಬರೀಲಿ?"

"ಎಲ್ಲ ಅಂತಾನೇ ಬರಿ."

ನೀರಿಳಿದಾಗ ಮಾತ್ರ ಕಾಣುವ ಆ ದಿಬ್ಬದ ಮೇಲೆ ನಲವತ್ತು ಹೆಂಗಸರು ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಚಿಪ್ಪು ಆರಿಸುವುದು ಬಿಟ್ಟು ಅವರಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ದೊಡ್ಡಕ್ಕ ಅವರೆಲ್ಲರಿಗೂ ಹಿರಿಯಳು. ಅವಳ ಮಾತು ಮೀರಿ ಯಾರೂ ದಿಬ್ಬಕ್ಕೆ ಇಳಿಯುತ್ತಿರಲಿಲ್ಲವಂತೆ.

ಮೇಡಂ ಪರಿಸರ ಇಲಾಖೆಯ ತನಿಖಾಧಿಕಾರಿ. ನಾನು ಅವರ ಗುಮಾಸ್ತ, ಹೇಳಿಕೆ ಬರೆದುಕೊಳ್ಳುವವನು. ಅಳಿವೆಯ ಬಾಯಲ್ಲಿ ಹೂಳು ತುಂಬಿ ದೋಣಿಗಳು ಸಿಕ್ಕಿಬೀಳುತ್ತಿದ್ದವು. ಆ ಹೂಳು ಎತ್ತಲು ಹಡಗೊಂದು ಬಂದಿತ್ತು. ಇಲಾಖೆ ಅನುಮತಿ ಕೊಟ್ಟದ್ದು ಇಪ್ಪತ್ತಮೂರು ಷರತ್ತುಗಳ ಮೇಲೆ. ಹದಿನೇಳನೆಯದು ಈ ದಿಬ್ಬದ ಕುರಿತು: ಪಕ್ಕದಲ್ಲಿ ತೇಲುವ ಹಳದಿ ಡ್ರಮ್ಮಿನ ಕೆಳಗೆ ಒಂದು ಮಾಪಕ ನೀರಿನಲ್ಲಿ ನೇತಾಡುತ್ತಿರಬೇಕು, ನೀರಿನ ಕದಡು ನಲವತ್ತು ದಾಟಿದರೆ ಹಡಗು ನಿಲ್ಲಬೇಕು. ಕೊನೆಯದು: ಚಿಪ್ಪು ಮರಿ ಮಾಡುವ ಕಾಲ ಶುರುವಾಗುವ ಮುಂಚೆ ಕೆಲಸ ಮುಗಿಯಬೇಕು, ಮುಗಿಯದಿದ್ದರೂ ಹಡಗು ಹೋಗಬೇಕು.

ಕೆಲಸ ಮುಗಿದಿತ್ತು. ಕೊನೆಯ ಹನ್ನೊಂದು ದಿನ ಕದಡು ಹನ್ನೆರಡನ್ನು ದಾಟಿರಲಿಲ್ಲ. ಹಡಗು ಬಿಡುವಿಲ್ಲದೆ ಓಡಿತ್ತು. ಇಪ್ಪತ್ತಮೂರು ಷರತ್ತುಗಳೂ ಪಾಲನೆಯಾಗಿದ್ದವು. ದಿಬ್ಬ ಸತ್ತಿತ್ತು.

ಯಾರೋ ಸುಳ್ಳು ಹೇಳಿದ್ದರು. ಯಾರು? ಸಂಜೆಯೊಳಗೆ ಮೇಡಂ ಬೇರೆ ಕಾರಣ ಬರೆದುಕೊಡದಿದ್ದರೆ ಹಡಗಿನ ಕ್ಯಾಪ್ಟನ್ನನ ಪರವಾನಗಿ ರದ್ದಾಗುವುದಿತ್ತು.

ಕ್ಯಾಪ್ಟನ್ ತನ್ನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ. ಆಗಲೇ ಕೆಲಸ ಹೋದವನ ಹಾಗೆ, ಒಂದೊಂದೇ ಅಂಗಿಯನ್ನು ಅಂಗೈಯಿಂದ ಸವರಿ ಸವರಿ.

"ನೀರು ಕೆಂಪಾಗಿದ್ದು ಕಣ್ಣಿಗೆ ಕಾಣ್ಲಿಲ್ವಾ?" ಮೇಡಂ ಕೇಳಿದರು.

"ಕಾಣ್ತು."

"ಮತ್ತೆ?"

"ಕಣ್ಣಿಗೆ ಷರತ್ತಿಲ್ಲ ಮೇಡಂ, ಮಾಪಕಕ್ಕಿದೆ. ದಿನಾ ಏಳು ಗಂಟೆಗೆ ಚೀಟಿ ಬರ್ತಿತ್ತು. ಮೊದಲ ಹತ್ತು ದಿನದಲ್ಲಿ ಆರು ದಿನ ಅರವತ್ತು, ಎಪ್ಪತ್ತು ಅಂತಿತ್ತು. ನಿಲ್ಲಿಸ್ದೆ. ಆಮೇಲೆ ಹನ್ನೊಂದು ಅಂತು, ಹತ್ತು ಅಂತು. ಓಡಿಸ್ದೆ."

"ಅನುಮಾನ ಬರ್ಲಿಲ್ವಾ?"

"ಬಂತು. ಅನುಮಾನ ತುಂಬೋಕೆ ಫಾರಂ ಎಲ್ಲಿದೆ?"

"ಯಾರ ಮೇಲೆ?"

ಅವನು ಅಂಗಿ ಕೆಳಗಿಟ್ಟ. "ಕೆಲಸ ಸಮಯಕ್ಕೆ ಮುಗಿದ್ರೆ ಯಾರಿಗೆ ಹೆಸರು? ನನಗಾ? ದಡದಲ್ಲಿ ಫ್ಯಾನ್ ಕೆಳಗೆ ಕೂತಿದಾನಲ್ಲ ಇಂಜಿನಿಯರ್, ಅವನನ್ನ ಕೇಳಿ. ಬೇಲೀನೇ ಎದ್ದು ಹೊಲ ಮೇಯ್ದಿದೆ."

ಇಂಜಿನಿಯರ್ ಗುತ್ತಿಗೆ ಕಂಪನಿಯವನು. ಅವನ ಕಚೇರಿ ದಡದ ಮೇಲಿನ ತಗಡಿನ ಕೋಣೆ. ಗೋಡೆಯ ಮೇಲೆ ಅಳಿವೆಯ ನಕ್ಷೆ. ಅದರಲ್ಲಿ ದಿಬ್ಬಕ್ಕೆ ಹಸಿರು ಬಣ್ಣ ಬಳಿದಿದ್ದರು.

"ಚೀಟಿ ನೀವು ಬರೀತಿದ್ರಾ?"

"ಯಂತ್ರ ಬರೀತಿತ್ತು. ನಾನು ಹರಿದು ಕೊಡ್ತಿದ್ದೆ, ಅಷ್ಟೇ."

"ಮಾಪಕದ ಬೀಗದ ಕೀ?"

"ಎರಡಿವೆ. ಒಂದು ನನ್ನ ಹತ್ರ, ಒಂದು ದೊಡ್ಡಕ್ಕನ ಹತ್ರ. ನಷ್ಟ ಆಗೋದು ಯಾರಿಗೋ ಅವರ ಕಡೆಯವರೇ ಕಾವಲಿರ್ಬೇಕು ಅಂತ ನಿಮ್ಮ ಇಲಾಖೆಯವರೇ ಹಾಕಿರೋದು. ಬೆಳಿಗ್ಗೆ ಅವ್ಳು ದೋಣೀಲಿ ಹೋಗಿ ಬಿಚ್ಕೊಂಡು ಬರ್ತಾಳೆ, ಗಾಜು ಒರೆಸ್ತಾಳೆ. ನಾನು ತಂತಿ ಜೋಡಿಸಿ ಓದ್ತೀನಿ. ವಾಪಸ್ ಹೋಗಿ ನೇತುಹಾಕ್ತಾಳೆ."

"ನೀವು ಡ್ರಮ್ಮಿನ ಹತ್ರ ಹೋಗಿದ್ರಾ?"

"ನನಗೆ ಈಜು ಬರಲ್ಲ."

"ನಾನು ಕೇಳಿದ್ದು ಅದಲ್ಲ."

ಇಂಜಿನಿಯರ್ ಕನ್ನಡಕ ತೆಗೆದು ಒರೆಸಿದ. "ಎರಡು ಸಲ. ಡ್ರಮ್ಮು ಅಲ್ಲೇ ತೇಲ್ತಿತ್ತು."

"ಡ್ರಮ್ಮಿನ ಕೆಳಗೆ?"

"ಕೆಳಗೆ... ನೋಡ್ಲಿಲ್ಲ."

ಮಾಪಕ ಮೇಜಿನ ಮೇಲೇ ಇತ್ತು. ಬಾಟಲಿಯಷ್ಟು ಉದ್ದ, ತುದಿಯಲ್ಲಿ ಗಾಜಿನ ಕಣ್ಣು, ಪಕ್ಕದಲ್ಲೊಂದು ಪುಟ್ಟ ಹಸಿರು ದೀಪ. ಮೇಡಂ ಅದರೊಳಗಿನ ದಾಖಲೆಯನ್ನು ಚೀಟಿಗಳೊಂದಿಗೆ ಒಂದೊಂದಾಗಿ ಹೋಲಿಸಿದರು. ಒಂದು ಅಂಕಿಯೂ ವ್ಯತ್ಯಾಸವಿರಲಿಲ್ಲ. ಚೀಟಿಗಳು ನಿಜ.

ಹಾಗಿದ್ದರೆ ತಪ್ಪು ಯಾರದೂ ಅಲ್ಲವೆ?

"ಕದಡಿನ ಪಕ್ಕದ ಈ ಎರಡು ಕಾಲಂ ಏನು?" ಮೇಡಂ ಪರದೆಯ ಮೇಲೆ ಬೆರಳಿಟ್ಟರು.

"ನೀರಿನ ಶಾಖ, ಉಪ್ಪಿನಂಶ. ಯಂತ್ರ ತಾನಾಗೇ ಬರ್ಕೊಳ್ಳುತ್ತೆ. ಅದನ್ನ ಯಾರೂ ಕೇಳಿಲ್ಲ, ಷರತ್ತಲ್ಲಿರೋದು ಒಂದೇ ಕಾಲಂ."

"ಮೂರನ್ನೂ ಮುದ್ರಿಸಿ."

"ನೂರು ಪುಟ ಆಗುತ್ತೆ!"

"ಆಗ್ಲಿ."

ಆ ನೂರು ಪುಟ ಹೊತ್ತು ನಾವು ಹೆಂಗಸರ ಶೆಡ್ಡಿಗೆ ಹೋದೆವು. ಒಳಗೆ ಸಾಲಾಗಿ ಪ್ಲಾಸ್ಟಿಕ್ ತೊಟ್ಟಿಗಳು. ಎಲ್ಲ ಬರಿದು, ಒಂದನ್ನು ಬಿಟ್ಟು. ಆ ಒಂದರ ಮುಂದೆ ಕೂತಿದ್ದವಳನ್ನು ಎಲ್ಲರೂ ಮಾತಿನಮಲ್ಲಿ ಎಂದು ಕರೆಯುತ್ತಿದ್ದರು. ಯಾಕೆಂದು ತಿಳಿಯಲು ಅರ್ಧ ನಿಮಿಷ ಸಾಕಾಯಿತು.

"ಬನ್ನಿ ಮೇಡಂ, ನೋಡಿ, ಉಳಿದಿರೋ ಸಂಸಾರ ಇಷ್ಟೇ. ಆಚೆ ಬಂಡೆ ಸಂದೀಲಿ ಸಿಕ್ಕಿದ್ದು. ಮೂವತ್ತೋ ನಲವತ್ತೋ. ಮಾರೋಕಲ್ಲ, ಸುಮ್ನೆ ಇಟ್ಕೊಂಡಿದೀನಿ. ನನ್ನ ಗಂಡ ಅಂತಾನೆ, ನನ್ನನ್ನ ಯಾವತ್ತಾದ್ರೂ ಹಿಂಗೆ ನೋಡ್ಕೊಂಡಿದೀಯಾ ಅಂತ. ನೀನೂ ಬಾಯಿ ಮುಚ್ಕೊಂಡಿದ್ರೆ ನೋಡ್ಕೋತಿದ್ದೆ ಅಂದೆ."

ಹಾಗೆನ್ನುತ್ತಲೇ ತೊಟ್ಟಿಯ ನೀರು ಚೆಲ್ಲಿ, ಹೊಸ ನೀರು ತುಂಬತೊಡಗಿದಳು. ಒಂದು ಕೊಡ, ಎರಡು, ಮೂರು. ನಾಲ್ಕನೆಯದನ್ನು ಬೇರೆ ಕಡೆಯಿಂದ ತಂದಳು.

"ಅದ್ಯಾಕೆ ಬೇರೆ?" ಎಂದರು ಮೇಡಂ.

"ಮೂರು ಕೊಡ ಸಮುದ್ರದ್ದು, ಒಂದು ಕೊಡ ಬಾವೀದು. ಹಂಗಿದ್ರೆ ಒಳಗಿರೋ ಮರಳೆಲ್ಲ ಉಗುಳ್ತವೆ. ನಮ್ಮಜ್ಜಿ ಕಾಲದಿಂದ್ಲೂ ಇದೇ ಲೆಕ್ಕ."

"ನೀರು ದಿನಾ ಬದಲಾಯಿಸ್ತೀರಾ?"

"ದಿನ ಬಿಟ್ಟು ದಿನ. ಹೊತ್ತು ಹುಟ್ಟೋ ಮುಂಚೆ. ಬದಲಾಯಿಸದಿದ್ರೆ ಸಾಯ್ತವೆ. ನಿಂತ ನೀರಲ್ಲಿ ಯಾರು ಬದುಕ್ತಾರೆ ಹೇಳಿ?"

ಮೇಡಂ ನನ್ನ ಕೈಯಿಂದ ಕಾಗದದ ಕಟ್ಟನ್ನು ತೆಗೆದುಕೊಂಡರು. ತಲೆಕೆಳಗು ಮಾಡಿದ್ದ ಒಂದು ತೊಟ್ಟಿಯ ಮೇಲೆ ಕೂತು ಪುಟ ತಿರುವಿದರು. ಬಹಳ ಹೊತ್ತು. ಅವರ ಮುಖದಲ್ಲಿ ಗೆದ್ದವರ ಕಳೆ ಬರಲಿಲ್ಲ. ಬದಲಿಗೆ ವಯಸ್ಸಾದಂತೆ ಕಂಡರು.

"ಹೂಳೆತ್ತಿಸಿ ಅಂತ ಅರ್ಜಿ ಹಾಕಿದ್ದು ಯಾರು?" ತಲೆ ಎತ್ತದೆ ಕೇಳಿದರು.

"ದೊಡ್ಡಕ್ಕನೇ. ಇನ್ಯಾರು? ಮಗಳು ಹೋದ್ಮೇಲೆ." ಮಾತಿನಮಲ್ಲಿಯ ದನಿ ಮೊದಲ ಸಲ ತಗ್ಗಿತು. "ಆಸ್ಪತ್ರೆ ಆಚೆ ದಡದಲ್ಲಿ. ಹೆರಿಗೆ ನೋವು ಶುರುವಾಯ್ತು, ದೋಣಿ ಹತ್ತಿಸಿದ್ವಿ. ಅಳಿವೆ ಬಾಯಲ್ಲಿ ಮರಳಿಗೆ ಸಿಕ್ಕಿಬಿತ್ತು. ನೀರು ಏರೋವರೆಗೂ ಕಾಯ್ಬೇಕು. ನಾಲ್ಕು ಗಂಟೆ, ಮೇಡಂ. ಆಸ್ಪತ್ರೆ ಕಿಟಕಿ ಕಾಣ್ತಿತ್ತು. ಮಗೂನೂ ಉಳೀಲಿಲ್ಲ."

ಅವಳು ಕೊಡ ಕೆಳಗಿಟ್ಟಳು.

ಮಧ್ಯಾಹ್ನ ಮೂರಕ್ಕೆ ತಗಡಿನ ಕೋಣೆಯಲ್ಲಿ ಮೂವರನ್ನೂ ಕೂರಿಸಿದರು: ಕ್ಯಾಪ್ಟನ್, ಇಂಜಿನಿಯರ್, ದೊಡ್ಡಕ್ಕ. ಫ್ಯಾನ್ ನಿಲ್ಲಿಸಲು ಹೇಳಿದರು, ಕಾಗದ ಹಾರುತ್ತಿತ್ತು.

"ಉಬ್ಬರಕ್ಕೆ ಸಮುದ್ರ ಒಳಗೆ ಬರುತ್ತೆ, ನೀರಿನ ಉಪ್ಪು ಏರುತ್ತೆ," ಎಂದರು. "ಇಳಿತಕ್ಕೆ ಹೊಳೆ ನೀರು ಬರುತ್ತೆ, ಉಪ್ಪು ಇಳಿಯುತ್ತೆ. ದಿನಕ್ಕೆರಡು ಸಲ. ಮೊದಲ ಹತ್ತು ದಿನ ಈ ಕಾಲಂ ಹಾಗೇ ಇದೆ. ಹನ್ನೊಂದನೇ ದಿನದಿಂದ ನೋಡಿ."

ಇಂಜಿನಿಯರ್ ಬಗ್ಗಿದ. "ಇಪ್ಪತ್ತಾರು... ಇಪ್ಪತ್ತಾರೂವರೆ... ಇಪ್ಪತ್ತೇಳು. ದಿನಕ್ಕೆರಡು ಸಲದ ಏರಿಳಿತಾನೇ ಇಲ್ಲ!"

"ಹನ್ನೊಂದು ದಿನ ಈ ಅಳಿವೆಗೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಮಧ್ಯಾಹ್ನ ನೀರಿನ ಶಾಖ ಮೂವತ್ತೆಂಟು. ಇದು ಬಿಸಿಲಲ್ಲಿಟ್ಟ ತೊಟ್ಟಿ. ಡ್ರಮ್ಮು ಮಾತ್ರ ದಿಬ್ಬದ ಹತ್ರ ತೇಲ್ತಿತ್ತು. ಕೆಳಗೆ ಏನೂ ಇರಲಿಲ್ಲ. ಯಂತ್ರ ಸುಳ್ಳು ಹೇಳಿಲ್ಲ. ತೊಟ್ಟಿ ನೀರು ತಿಳಿಯಾಗಿದೆ ಅಂತ ಹೇಳ್ತು, ಅಷ್ಟೇ."

"ನಾನು ಹೇಳ್ಲಿಲ್ವಾ, ಬೇಲಿ!" ಕ್ಯಾಪ್ಟನ್ ಎದ್ದು ನಿಂತ.

"ನಾನಲ್ಲ! ಕೀ ಇದ್ದ ಮಾತ್ರಕ್ಕೆ ಕಳ್ಳನಾ?" ಇಂಜಿನಿಯರ್‌ನ ಮುಖ ಬಿಳಿಚಿತು.

"ಇಬ್ರೂ ಹೊರಗಿರಿ. ಕರೀತೀನಿ."

ಬಾಗಿಲು ಮುಚ್ಚಿತು. ಕಿಟಕಿಯಾಚೆ ಅವರಿಬ್ಬರೂ ಕೈ ಬೀಸಿ ಬೀಸಿ ಕೂಗಾಡುವುದು ಕಾಣುತ್ತಿತ್ತು. ದೊಡ್ಡಕ್ಕ ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದಳು.

ಮೇಡಂ ಕುರ್ಚಿ ಹತ್ತಿರಕ್ಕೆಳೆದರು. "ಇಂಜಿನಿಯರ್ ಆಗಿದ್ರೆ ಒಂದು ಬಕೆಟ್ ತುಂಬಿ, ಅದರಲ್ಲಿ ಮುಳುಗಿಸಿ, ಮರೆತುಬಿಡ್ತಿದ್ದ. ಹನ್ನೊಂದು ದಿನವೂ ಅದೇ ನೀರು. ಬಿಸಿಲಿಗೆ ಆರಿ ಆರಿ ಉಪ್ಪು ಏರ್ತಾನೇ ಹೋಗ್ತಿತ್ತು. ಇಲ್ಲಿ ಎರಡು ದಿನ ಏರುತ್ತೆ, ಮೂರನೇ ದಿನ ಹೊತ್ತು ಹುಟ್ಟೋ ಮುಂಚೆ ಪುನಃ ಇಪ್ಪತ್ತಾರಕ್ಕೆ ಬರುತ್ತೆ. ಯಾರೋ ದಿನ ಬಿಟ್ಟು ದಿನ ನೀರು ಬದಲಾಯಿಸಿದಾರೆ. ಸಮುದ್ರಕ್ಕೆ ಮೂವತ್ತೈದು ಉಪ್ಪು. ಮೂರು ಕೊಡಕ್ಕೆ ಒಂದು ಕೊಡ ಬಾವಿ ನೀರು ಸೇರಿಸಿದ್ರೆ ಇಪ್ಪತ್ತಾರು. ಆ ಲೆಕ್ಕ ಚಿಪ್ಪಿನವರಿಗೆ ಮಾತ್ರ ಗೊತ್ತು. ಚಿಪ್ಪಿನವರಲ್ಲಿ ಕೀ ಇದ್ದದ್ದು ಒಬ್ಬರ ಹತ್ರ."

ನನ್ನ ಪೆನ್ನು ನಿಂತಿತು.

"ನೀವೇ, ದೊಡ್ಡಕ್ಕ."

ಅವಳು ಬೆಚ್ಚಲಿಲ್ಲ. "ನೀರು ಬದಲಾಯಿಸಿದ್ದು ನನಗೆ ಗೊತ್ತೇ ಆಗ್ಲಿಲ್ಲ," ಎಂದಳು. "ಕೈ ತಾನಾಗೇ ಮಾಡ್ತು. ಹಸಿರು ದೀಪ ಮಿಣಮಿಣ ಅಂತಿತ್ತು. ಅದೂ ಉಸಿರಾಡೋ ಹಂಗಿತ್ತು."

"ಯಾಕೆ ಮಾಡಿದ್ರಿ?"

"ಹತ್ತು ದಿನದಲ್ಲಿ ಆರು ದಿನ ಹಡಗು ಸುಮ್ನೆ ನಿಂತಿತ್ತು. ಉಳಿದದ್ದು ಹನ್ನೊಂದೇ ದಿನ. ಅರ್ಧ ಅಗೆದ ಅಳಿವೆ ಬಿಟ್ಟು ಹೋಗಿಬಿಡ್ತಿದ್ರು. ಮುಂದಿನ ವರ್ಷ ಇನ್ಯಾರ ಮಗಳೋ. ಮಳೆಗಾಲದಲ್ಲಿ ಹೊಳೆ ಇದಕ್ಕಿಂತ ಹೆಚ್ಚು ಕೆಸರು ತರುತ್ತೆ. ಪ್ರತಿ ವರ್ಷ ತಡ್ಕೊಂಡಿವೆ. ಇದನ್ನೂ ತಡ್ಕೊಳ್ತವೆ ಅಂದ್ಕೊಂಡೆ."

"ಹೊಳೆ ಕೆಸರು ಹರಿದು ಹೋಗುತ್ತೆ. ಇದು ಕೂತುಬಿಡ್ತು."

"ಹೂಂ. ಕೈ ಹಾಕಿದಾಗ್ಲೇ ಗೊತ್ತಾಯ್ತು." ನಂತರ ಕೇಳಿದಳು: "ಅಳಿವೆ ಎಷ್ಟು ದಿನ ತೆರೆದಿರುತ್ತೆ?"

ಮೇಡಂ ಸುಳ್ಳು ಹೇಳಲಿ ಎಂದು ನಾನು ಹಾರೈಸಿದೆ.

"ಎರಡು ವರ್ಷ. ಆಮೇಲೆ ಪುನಃ ತುಂಬುತ್ತೆ. ಪುನಃ ಎತ್ತಬೇಕು."

"ದಿಬ್ಬ?"

"ಏಳೆಂಟು ವರ್ಷ. ಬಂದ್ರೆ."

ದೊಡ್ಡಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಅರ್ಧಕ್ಕೆ ಬಿಟ್ಟಳು.

ಮೇಡಂ ಎದ್ದು ಕಿಟಕಿಯ ಬಳಿ ಹೋದರು. ನಮ್ಮಿಬ್ಬರಿಗೂ ಬೆನ್ನು ಹಾಕಿ ಮಾತಾಡಿದರು. "ಮಾಪಕ ಕೆಟ್ಟಿತ್ತು ಅಂತ ಬರೀತೀನಿ. ಯಂತ್ರದೋಷ. ಕ್ಯಾಪ್ಟನ್ ಪರವಾನಗಿ ಉಳಿಯುತ್ತೆ. ಇಂಜಿನಿಯರ್‌ಗೂ ಏನೂ ಆಗಲ್ಲ. ಆ ಎರಡು ಕಾಲಂ ಇವತ್ತಿನವರೆಗೂ ಯಾರೂ ಓದಿಲ್ಲ, ಇನ್ಮುಂದೂ ಯಾರೂ ಓದಲ್ಲ. ನೀವು ಮನೆಗೆ ಹೋಗಿ."

ನಾನು ತಲೆ ಎತ್ತಿದೆ. ಒಂಬತ್ತು ವರ್ಷ ಅವರ ಜೊತೆ ಅಲೆದಿದ್ದೇನೆ. ಅವರು ಒಂದು ಅಲ್ಪವಿರಾಮವನ್ನೂ ಸಡಿಲಿಸಿದ್ದು ನೋಡಿರಲಿಲ್ಲ.

"ಗುಮಾಸ್ತರು ಬರ್ಕೊಂಡಿದಾರಲ್ಲ," ಎಂದಳು ದೊಡ್ಡಕ್ಕ.

ನಾನು ಆ ಹಾಳೆಯನ್ನು ಹರಿದು ಮೇಜಿನ ಮೇಲಿಟ್ಟೆ. ಯಾರೂ ಹೇಳಿರಲಿಲ್ಲ. ನನ್ನ ಕೈಯೂ ತಾನಾಗಿಯೇ ಮಾಡಿತು.

ದೊಡ್ಡಕ್ಕ ಹಾಳೆ ಎತ್ತಿಕೊಂಡಳು. ಅವಳಿಗೆ ಓದು ಬರುತ್ತಿತ್ತೋ ಇಲ್ಲವೋ, ಸಾಲುಗಳ ಮೇಲೆ ಬೆರಳಾಡಿಸಿದಳು. ಮಡಚಲಿಲ್ಲ. ಮೇಜಿನ ಮೇಲೆ ಹರಡಿ, ಹರಿದ ಅಂಚನ್ನು ಅಂಗೈಯಿಂದ ಒತ್ತಿ ನೇರ ಮಾಡಿ, ನನ್ನ ಕಡೆ ತಳ್ಳಿದಳು.

"ದಿನಾ ಬೆಳಿಗ್ಗೆ ನನ್ನ ಬಾಗಿಲಿಗೆ ಬರ್ತಾರೆ ಮೇಡಂ. ದೊಡ್ಡಕ್ಕ, ಯಾವ ಪಾಪಿ ಮಾಡಿದ್ದು ಇದನ್ನ, ನೀನು ಬಿಡಬೇಡ ಅವನನ್ನ ಅಂತಾರೆ. ನನ್ನ ಕೈ ಹಿಡ್ಕೊಂಡು ಹೇಳ್ತಾರೆ. ಇನ್ನು ಸಾಯೋವರೆಗೂ ಅವರಿಗೆ ಯಂತ್ರ ಕೆಟ್ಟಿತ್ತು ಅಂತ ಹೇಳ್ಲಾ?"

"ಹಾಗೆ ಹೇಳಿದ್ರೆ ಅವರ ಜೊತೆ ಇರ್ತೀರಿ. ನಿಜ ಹೇಳಿದ್ರೆ ಅವರೂ ಇರಲ್ಲ ನಿಮಗೆ."

"ಗೊತ್ತು."

"ಇನ್ನೊಂದ್ಸಲ ಯೋಚ್ನೆ ಮಾಡಿ, ದೊಡ್ಡಕ್ಕ."

"ಬೇಡ," ಎಂದಳು ಅವಳು.