ಪ್ರಿಂಟರ್ ಸಾಲನ್ನು ಸರಿಮಾಡಿದವರು ಯಾರು?

ಕಳ್ಳ ಬಂದು ಏನನ್ನಾದರೂ ಕದ್ದೊಯ್ದಿದ್ದರೆ ಪುಟ್ಟಿ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಈ ಕಳ್ಳ ಕದ್ದಿರಲಿಲ್ಲ, ಕೊಟ್ಟು ಹೋಗಿದ್ದ!

ಎಂಜಿನಿಯರಿಂಗ್ ಲ್ಯಾಬಿನಲ್ಲಿ, ಮೇಡಂ ಎದುರಿಗೆ, ಅವಳ ಪ್ರಾಜೆಕ್ಟ್ ನೀರು ಕುಡಿದಷ್ಟು ಸಲೀಸಾಗಿ ಓಡಿತು. ವಿಂಡೋಸ್ ಬದಲು ಬಳಸುವ ಲಿನಕ್ಸ್ ಕಲಿಯುತ್ತಾ ಬರೆದ ಪುಟ್ಟ ಪ್ರೋಗ್ರಾಂ ಅದು. ಇರುವುದೊಂದೇ ಪ್ರಿಂಟರ್, ಎಲ್ಲರೂ ಒಟ್ಟಿಗೆ ಪುಟ ಕಳಿಸಿದರೆ ಅವರನ್ನು ಸಾಲಾಗಿ ನಿಲ್ಲಿಸುವುದು ಅದರ ಕೆಲಸ. ವಾರಗಟ್ಟಲೆ ಹೆಣಗಿದರೂ ಇಬ್ಬರು ಒಟ್ಟಿಗೆ ಬಂದರೆ ಸಾಕು, ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತಿತ್ತು. ಇವತ್ತು ಮಾತ್ರ ಒಬ್ಬರದು ಮುಗಿಯುವ ತನಕ ಇನ್ನೊಬ್ಬರದು ಮರ್ಯಾದೆಯಿಂದ ಕಾಯುತ್ತಿದೆ!

"ಈ ಸಾಲುಗಳನ್ನ ಯಾಕೆ ಬರೆದೆ?" ಪ್ರೋಗ್ರಾಂನ ಮಧ್ಯದ ನಾಲ್ಕು ಸಾಲಿಗೆ ಬೆರಳಿಟ್ಟು ಮೇಡಂ ಕೇಳಿದರು.

ಪುಟ್ಟಿ ಸೂರು ನೋಡಿದಳು. "ಮೇಡಂ… ಇವು ಮೊದಲು ಇರ್ಲಿಲ್ಲ."

"ಅಂದ್ರೆ ತಾವಾಗೇ ಮೊಳಕೆ ಒಡೆದ್ವಾ?"

ಕ್ಲಾಸೆಲ್ಲ ಗೊಳ್ಳೆಂದಿತು. ಮೇಡಂ ನಗಲಿಲ್ಲ. "ಬೇರೆಯವರ ಕೈಲಿ ಬರೆಸಿದ್ದೀಯ. ಯಾರು ಅಂತ ಸೋಮವಾರ ಹೇಳು. ಹೇಳದಿದ್ರೆ ಪ್ರಾಜೆಕ್ಟ್ ರದ್ದು. ಮುಂದಿನ ವರ್ಷ ಮತ್ತೆ ಮೊದಲಿಂದ."

ಒಂದು ವರ್ಷ!

ಇಂಥ ಹೊತ್ತಿಗೆ ಕರೆಯದೆಯೂ ಬರುವವಳು ಅವಳ ಗೆಳತಿ. ಎಲ್ಲದಕ್ಕೂ ಮೂಗು ತೂರಿಸುವುದರಿಂದ ಕಾಲೇಜಿಗೆಲ್ಲ ಅವಳು 'ಮೂಗು'.

"ಪ್ರೋಗ್ರಾಂ ಇರೋ ನಿನ್ನ ಲ್ಯಾಪ್‌ಟಾಪ್ ನಿನ್ನೆ ಎಲ್ಲಿತ್ತು?"

"ಮನೇಲೇ ಬಿಟ್ಟು ಬಂದಿದ್ದೆ. ಬೇಜಾರಾಗಿ ರಾತ್ರಿ ತೆಗೀಲೂ ಇಲ್ಲ."

"ಮನೇಲಿ ಯಾರ್ಯಾರು?"

"ಅಮ್ಮ, ಅಣ್ಣ, ಅತ್ತಿಗೆ."

"ಪಾಸ್‌ವರ್ಡ್ ಯಾರಿಗೆ ಗೊತ್ತು?"

"ಎಲ್ಲರಿಗೂ. ನಾನು ಗಟ್ಟಿಯಾಗಿ ಹೇಳ್ಕೊಂಡೇ ಹಾಕೋದು."

"ಶಭಾಷ್! ಬೀಗ ಹಾಕಿ ಕೀಲಿಕೈ ಬಾಗಿಲಿಗೇ ತೂಗುಹಾಕಿದೀಯ. ನಡಿ ಮನೆಗೆ."

ಅಣ್ಣ ಆಗತಾನೇ ತನ್ನ ಪೈಪು-ನಲ್ಲಿಗಳ ಅಂಗಡಿಯಿಂದ ಬಂದಿದ್ದ. ಪುಟ್ಟಿಯ ಅನುಮಾನವೆಲ್ಲ ಅವನ ಮೇಲೇ. ಒಂದು ಕಾಲಕ್ಕೆ ಅವನೂ ಎಂಜಿನಿಯರಿಂಗ್ ಸೇರಿದ್ದವನು. ಎರಡು ಸಲ ಫೇಲಾಗಿ ಅರ್ಧಕ್ಕೆ ಬಿಟ್ಟಿದ್ದ. ಅಂದಿನಿಂದ ಪರೀಕ್ಷೆ ಅನ್ನುವ ಮಾತು ಕೇಳಿದರೆ ಮುಖ ಗಂಟಿಕ್ಕುತ್ತಿದ್ದ. ಪ್ರೋಗ್ರಾಂ ತಿದ್ದಿದ್ದು ನೀವಾ ಅಂತ ಮೂಗು ಮೊದಲು ಅವನನ್ನೇ ಕೇಳಿದಳು.

"ನಾನಾ? ಆ ಓದಿನ ಸಹವಾಸವೇ ಬೇಡ ಅಂತ ಕೈಮುಗಿದು ಬಂದೋನು ನಾನು!"

"ಅಮ್ಮಾ, ನೀವು?" ಮೂಗು ಕೇಳಿದಳು.

"ನನಗೆ ಟೀವಿ ರಿಮೋಟೇ ಮಾತು ಕೇಳಲ್ಲ, ಹೋಗೇ!"

"ಅತ್ತಿಗೆ, ನೀವು ಮದುವೆಗೆ ಮುಂಚೆ ಏನ್ ಓದಿದ್ರಿ?"

"ಏನೋ ಸ್ವಲ್ಪ," ಅಂದು ಅತ್ತಿಗೆ ಅಡುಗೆಮನೆಗೆ ಹೋದಳು. ಅವಳು ಮದುವೆಯಾಗಿ ಈ ಮನೆಗೆ ಬಂದು ವರ್ಷವಾಗಿತ್ತು. ಪುಟ್ಟಿ ಓದಲು ಕೂತರೆ ಸಾಕು, ಬಾಗಿಲಲ್ಲಿ ಒಂದು ಗಳಿಗೆ ನಿಂತು ಹೊರಟುಹೋಗುತ್ತಿದ್ದಳು. ಅಕ್ಕನಿಲ್ಲದ ಪುಟ್ಟಿಗೆ ಈ ಅತ್ತಿಗೆಯ ಹತ್ತಿರ ಮನಬಿಚ್ಚಿ ಹರಟಬೇಕೆಂಬ ಆಸೆ ಬೆಟ್ಟದಷ್ಟಿತ್ತು. ಆದರೆ ಅತ್ತಿಗೆ ಕೈಗೇ ಸಿಗುತ್ತಿರಲಿಲ್ಲ.

ಮೂಗು ಲ್ಯಾಪ್‌ಟಾಪ್ ತೆರೆದಳು. ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ ಪಾಸ್‌ವರ್ಡ್ ಕೇಳುವಂತೆ ಮಾಡಿದಳು.

"ಅಣ್ಣಾ, ಕೀಬೋರ್ಡ್ ಕೈಕೊಟ್ಟಿರೋ ಹಾಗಿದೆ. ಪಾಸ್‌ವರ್ಡ್ ಹಾಕಿ ನೋಡ್ತೀರಾ?"

ಅಣ್ಣ ಒಂದೆರಡು ಅಕ್ಷರ ಒತ್ತಿದ. ನಿಂತ. ಮತ್ತೆ ಒತ್ತಿದ. ಕೊನೆಗೆ ಗುದ್ದಿದ. "ಏನೂ ಬೀಳ್ತಾನೇ ಇಲ್ಲ. ಕೆಟ್ಟು ಕೂತಿದೆ ಕಣಮ್ಮ."

ಅಮ್ಮ ಒಂದೇ ಬೆರಳಲ್ಲಿ ಕುಟ್ಟಿದಳು. "ಇದೇನೇ, ಒತ್ತಿದ್ದನ್ನೆಲ್ಲ ನುಂಗಿ ಹಾಕ್ತಿದೆ!"

"ಅತ್ತಿಗೆ, ನೀವೊಂದು ಸಲ?" ಮೂಗು ಮತ್ತೆ ಹೊಸದಾಗಿ ಪಾಸ್‌ವರ್ಡ್ ಕೇಳುವಂತೆ ಮಾಡಿದಳು.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ನಿಂತಲ್ಲೇ ಬಗ್ಗಿ ಟಕಟಕನೆ ಒತ್ತಿದಳು. ಎಂಟರ್ ಒತ್ತಿದಳು. "ಚೆನ್ನಾಗೇ ಇದೆಯಲ್ಲ," ಅಂದು ಒಲೆಯ ಹತ್ತಿರ ಹೋದಳು.

ಮೂಗು ಲ್ಯಾಪ್‌ಟಾಪ್ ಮುಚ್ಚಿ ಪುಟ್ಟಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು. "ಸಿಕ್ಕಿಬಿದ್ರು."

"ಯಾರು? ಮೂವರೂ ಒಂದೇ ಪಾಸ್‌ವರ್ಡ್ ಒತ್ತಿದ್ರು, ಅಷ್ಟೇ ತಾನೇ?"

"ನಿನ್ನ ಕಣ್ಣೇನು ಮೇಯೋಕೆ ಹೋಗಿದ್ವಾ? ಮೊದಲ ಸಲ ಲಿನಕ್ಸ್ ಹಾಕ್ಕೊಂಡಾಗ ನೀನೇನು ಮಾಡ್ದೆ, ಹೇಳು."

ಪುಟ್ಟಿಯ ಮುಖ ಕೆಂಪಾಯಿತು. ಕೀಬೋರ್ಡ್ ಸತ್ತಿದೆ ಅಂತ ಅಳುತ್ತಾ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋಗಿದ್ದಳು.

"ಯಾಕೆ?" ಮೂಗು ಬಿಡಲಿಲ್ಲ. "ಬೇರೆ ಕಡೆ ಪಾಸ್‌ವರ್ಡ್ ಹಾಕಿದ್ರೆ ಚುಕ್ಕಿಯಾದ್ರೂ ಕಾಣುತ್ತೆ. ಈ ಕಪ್ಪು ಕಿಟಕೀಲಿ ಏನೂ ಕಾಣಲ್ಲ. ಆದ್ರೆ ಒತ್ತಿದ್ದೆಲ್ಲ ಒಳಗೆ ಹೋಗಿರುತ್ತೆ. ಹೊಸಬರು ಅಲ್ಲಿ ಬೆಚ್ಚಿ ನಿಲ್ಲಲೇಬೇಕು. ನಿಮ್ಮಣ್ಣ ನಿಂತ. ನಿಮ್ಮಮ್ಮ ನಿಂತ್ರು. ನಿಲ್ಲದೆ ಹೋದೋರು ಒಬ್ಬರೇ — ಅತ್ತಿಗೆ! ಅದು ಪಳಗಿದ ಕೈ ಕಣೇ."

ಇಬ್ಬರೂ ಅಡುಗೆಮನೆಗೆ ಹೋದರು. ಪುಟ್ಟಿ ಕೇಳುವ ಮೊದಲೇ ಅತ್ತಿಗೆ ಒಲೆ ಆರಿಸಿದಳು.

"ನಾನೂ ಎಂಜಿನಿಯರಿಂಗ್ ಮೂರು ವರ್ಷ ಓದಿದ್ದೆ ಪುಟ್ಟಿ. ಕೊನೇ ವರ್ಷ ಬಾಕಿ ಇತ್ತು. ಅಷ್ಟರಲ್ಲಿ ಮದುವೆ ಆಯ್ತು."

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ನಿಮ್ಮಣ್ಣ ಅರ್ಧಕ್ಕೆ ಬಿಟ್ಟಿದ್ರಲ್ಲ. 'ಅಳಿಯಂದ್ರಿಗೆ ಮುಜುಗರ ಆಗುತ್ತೆ, ಓದಿನ ಸುದ್ದಿ ಎತ್ತಬೇಡ' ಅಂತ ನಮ್ಮಪ್ಪ ಹೇಳಿ ಕಳಿಸಿದ್ರು. ನೀನು ಬಿಟ್ಟುಹೋದ ದಿನ, ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನಿನ್ನ ಲ್ಯಾಪ್‌ಟಾಪ್ ತೆಗೆದು ನೋಡಿ ಮುಚ್ಚಿಡ್ತಿದ್ದೆ. ಅಷ್ಟೇ, ಬರೀ ನೋಡೋದು. ನೀನು ಓದೋಕೆ ಕೂತ್ರೆ ನನಗೆ ಅಲ್ಲಿ ನಿಲ್ಲೋಕೇ ಆಗ್ತಿರ್ಲಿಲ್ಲ. ನಿನ್ನೆ ಆ ತಪ್ಪು ಕಣ್ಣಿಗೆ ಬಿತ್ತು. ಕೈ ತಡೀಲಿಲ್ಲ. ನಿನಗೆ ಹೇಳೋಣ ಅಂದ್ರೆ ಬಾಯಿ ಬರ್ಲಿಲ್ಲ."

"ಮುಜುಗರ ಅಂತ ನಾನು ಹೇಳಿದ್ನಾ?" ಅಣ್ಣ ಬಾಗಿಲಲ್ಲಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಇಲ್ಲ ರೀ. ಆದ್ರೆ ಏನು ಓದಿದೀಯ ಅಂತ ನೀವು ಒಂದು ದಿನ ಕೇಳಿದ್ರಾ?"

ಅಣ್ಣ ತಲೆ ತಗ್ಗಿಸಿದ.

ಪುಟ್ಟಿಗೆ ಕಣ್ಣು ತುಂಬಿ ಬಂತು. "ಅತ್ತಿಗೆ, ನಾನು ನಿಮ್ಮ ಹೆಸರು ಹೇಳಲ್ಲ. ಪ್ರಾಜೆಕ್ಟ್ ಹೋದ್ರೆ ಹೋಗ್ಲಿ. ಒಂದು ವರ್ಷ ತಾನೇ?"

"ಹುಚ್ಚಿ! ಕೈಬಿಟ್ಟು ಹೋದ ವರ್ಷ ಅಂದ್ರೆ ಏನು ಅಂತ ನನ್ನ ಕೇಳು. ಸೋಮವಾರ ನಾನೇ ಬಂದು ಮೇಡಂಗೆ ಹೇಳ್ತೀನಿ. ಆ ಸಾಲುಗಳನ್ನ ಅಳಿಸಿ, ನಿನಗೆ ಕಲಿಸಿ, ನಿನ್ನ ಕೈಲೇ ಬರೆಸ್ತೀನಿ, ಒಂದು ಅವಕಾಶ ಕೊಡಿ ಅಂತ ಕೇಳ್ಕೋತೀನಿ."

ಆಮೇಲೆ ಅವಳ ದನಿ ಇಳಿಯಿತು. ಪುಟ್ಟಿಯ ತೋಳು ಹಿಡಿದುಕೊಂಡಳು.

"ಮೇಡಂ ಬೈದು ಮುಗಿಸಿದ ಮೇಲೆ… ಲ್ಯಾಬಲ್ಲಿ, ಹಿಂದಿನ ಬೆಂಚಲ್ಲಿ ಸಾಕು, ಸ್ವಲ್ಪ ಹೊತ್ತು ಕೂರೋಕೆ ಬಿಡ್ತಾರಾ? ಯಾರನ್ನ ಕೇಳಬೇಕು?"

ಅಣ್ಣ ತಲೆಯೆತ್ತಿದ.

"ನಾನು ಕೇಳ್ತೀನಿ," ಅಂದ.